ಸೈಮಿ ಬರೆದಳು, ನಾನು ಓದಿದೆ

ನಮ್ಮೂರು ಹಿರ್ವಿಸಾಲ್ಮಿಯಲ್ಲಿ ಯಾರಾದರೂ ಸತ್ತರೆ ಮೊದಲ ಫೋನು ಪಾದ್ರಿಗೆ ಹೋಗುತ್ತದೆ, ಎರಡನೆಯದು ಕೇಕು ಮಾಡುವವಳಿಗೆ, ಮೂರನೆಯದು ನನಗೆ. ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತ ಮೇಲೆ, ಸತ್ತವರ ಹೆಸರಿಗೆ ಬಂದ ಸಂತಾಪದ ಓಲೆಗಳನ್ನು ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ನಾನು ಮೂವತ್ತೆಂಟು ವರ್ಷ ಹಾಲಿನ ಲಾರಿ ಓಡಿಸಿದವನು, ಎಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ಗಂಟಲು ಪಳಗಿದೆ. ಹಾಗಾಗಿ ನಮ್ಮೂರಲ್ಲಿ ಆ ಒಬ್ಬರು ನಾನೇ. ಹೆಸರು ತೌನೋ.

ಓದುವವನಿಗೆ ಇರುವುದು ಒಂದೇ ಕಟ್ಟಳೆ. ಓಲೆಯಲ್ಲಿ ಏನಿದೆಯೋ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಬೇಕು, ಒಂದು ಹೆಸರನ್ನೂ ಬಿಡಬಾರದು. ಒಮ್ಮೆ ಅವಸರದಲ್ಲಿ ಯಾರದೋ ಸೋದರತ್ತೆಯ ಗಂಡನ ಹೆಸರನ್ನು ನುಂಗಿಬಿಟ್ಟೆ. ಆ ಮನೆಯವರು ಆರು ವರ್ಷ ಅಂಗಡಿಯಲ್ಲಿ ನನ್ನನ್ನು ಕಂಡರೆ ಮೊಸರಿನ ಡಬ್ಬಿಗಳ ಕಡೆಗೆ ಮುಖ ತಿರುಗಿಸುತ್ತಿದ್ದರು. ಆಮೇಲೆ ನಾನು ಎಂದೂ ಏನನ್ನೂ ಬಿಟ್ಟವನಲ್ಲ.

ಆ ಓಲೆಗಳನ್ನು ಬರೆಯುತ್ತಿದ್ದವಳು ಸೈಮಿ ಪೆಸೋನೆನ್. ಅವಳ ಬದುಕನ್ನು ಬರೆದಿಡಬೇಕು ಎಂದು ಮೂರು ಸಲ ಕೂತೆ. ಮೂರು ಸಲವೂ ಎದ್ದುಬಿಟ್ಟೆ. ಈ ಸಲ ಏಳುವುದಿಲ್ಲ.

ಸೈಮಿ ಹೂವಿನಂಗಡಿಯಲ್ಲಿ ಮೂವತ್ತೊಂದು ವರ್ಷ ದುಡಿದಳು. ಹೂಚಕ್ರಗಳಿಗೆ ಕಟ್ಟುವ ರೇಷ್ಮೆ ಪಟ್ಟಿಯ ಮೇಲೆ ಸಣ್ಣ ಕುಂಚದಿಂದ ಸತ್ತವರ ಹೆಸರು ಬರೆಯುವುದು ಅವಳ ಕೆಲಸ. ಪಟ್ಟಿಯ ಉದ್ದ ಎಲ್ಲರಿಗೂ ಒಂದೇ, ಉದ್ದ ಹೆಸರಿನವರಿಗೆ ಅಕ್ಷರ ಸಣ್ಣದಾಗುತ್ತಿತ್ತು. ಅದೊಂದು ಕೊರಗು ಅವಳಿಗೆ. “ಎಂಬತ್ತು ವರ್ಷ ಬದುಕಿದ ಮನುಷ್ಯ ಎರಡು ಗೇಣು ರೇಷ್ಮೇಲಿ ಮುಗಿದು ಹೋಗ್ತಾನೆ ನೋಡು,” ಎನ್ನುತ್ತಿದ್ದಳು.

ಅವಳ ಗಂಡ ವಿಲ್ಯೋ ಸತ್ತಾಗ ಹನ್ನೊಂದು ಓಲೆಗಳು ಬಂದವು. ಹೂವಿಗೆ ಕೊಡುವ ದುಡ್ಡನ್ನು ಯಾವುದಾದರೂ ಸಂಘಕ್ಕೆ ಕೊಟ್ಟು, ಅದರ ಗುರುತಾಗಿ ಸಂಘದಿಂದ ಓಲೆ ತಂದು ಸತ್ತವರ ಮನೆಗೆ ಕೊಡುವುದು ನಮ್ಮ ಪದ್ಧತಿ. ರಟ್ಟಿನ ಮಡಿಕೆ, ಹೊರಗೆ ಬರ್ಚ್ ಮರದ ಚಿತ್ರ, ಒಳಗೆ ಅಚ್ಚಾದ ನಾಲ್ಕು ಸಾಲು. ಹನ್ನೊಂದರಲ್ಲೂ ಅವೇ ನಾಲ್ಕು ಸಾಲು, ಶಾಶ್ವತ ಬೆಳಕಿನ ಕಡೆಗೆ ನಡೆದ ಪಯಣಿಗನ ಬಗ್ಗೆ. ಕಟ್ಟಳೆ ಕಟ್ಟಳೆಯೇ, ಹನ್ನೊಂದು ಸಲವೂ ಓದಿದೆ. ಕೊನೆಯದು ಮುಗಿದಾಗ ಸೈಮಿ ಬಟ್ಟಲು ಕೆಳಗಿಟ್ಟಳು.

“ವಿಲ್ಯೋಗೆ ಬೆಳಕು ಕಂಡ್ರೆ ಆಗ್ತಿರ್ಲಿಲ್ಲ. ಬೇಸಿಗೇಲಿ ಹತ್ತು ಗಂಟೆವರೆಗೂ ಪರದೆ ಎಳ್ಕೊಂಡು ಮಲಗ್ತಿದ್ದ. ಅವನನ್ನ ಎಲ್ಲಿಗೆ ಅಟ್ತಾ ಇದೀರಾ ನೀವೆಲ್ಲ ಸೇರ್ಕೊಂಡು?”

ಮೊದಲು ನಕ್ಕವನು ಪಾದ್ರಿ. ಅವನು ನಕ್ಕಿದ್ದರಿಂದ ಉಳಿದವರಿಗೂ ಧೈರ್ಯ ಬಂತು. ಮುಂದಿನ ತಿಂಗಳು ಸೈಮಿ ಮಸಿ, ಲೇಖನಿ ಹಿಡಿದುಕೊಂಡು ನಮ್ಮ ಸಂಘದ ಕೋಣೆಗೆ ಬಂದು ಕಿಟಕಿ ಪಕ್ಕದ ಮೇಜು ಹಿಡಿದಳು. ಅಚ್ಚಾದ ಸಾಲುಗಳು ಬೇಡ, ಖಾಲಿ ಓಲೆ ತರಿಸಿ, ಇನ್ನು ಮೇಲೆ ನಾನು ಬರೆಯುತ್ತೇನೆ ಎಂದಳು. ಕೇಳಲಿಲ್ಲ, ತಿಳಿಸಿದಳು ಅಷ್ಟೆ.

ನಮ್ಮ ಸಂಘದ ಹೆಸರು ‘ಬಾಗಿಲು ತಟ್ಟುವವರು’. ಮಾಡುವ ಕೆಲಸವೂ ಅಷ್ಟೇ. ಒಂಟಿಯಾಗಿರುವವರ ಮನೆಗೆ ವಾರಕ್ಕೊಮ್ಮೆ ಹೋಗಿ ಬಾಗಿಲು ತಟ್ಟಬೇಕು, ಕಾಫಿ ಕುಡಿಯಬೇಕು, ಮಾತಿದ್ದರೆ ಮಾತಾಡಬೇಕು, ಇಲ್ಲದಿದ್ದರೆ ಸುಮ್ಮನೆ ಕೂರಬೇಕು. ಹಳೆಯ ಬ್ಯಾಂಕಿನ ಕಟ್ಟಡದಲ್ಲಿ ನಮ್ಮದೊಂದು ಬೆಚ್ಚಗಿನ ಕೋಣೆಯಿದೆ, ಗುರುವಾರ ಅಲ್ಲಿ ಬಟಾಣಿ ಸೂಪು. ಸೂಪು ಬೇಕಾದವರೂ ಬರುತ್ತಾರೆ, ಬೆಚ್ಚಗಿರಬೇಕಾದವರೂ ಬರುತ್ತಾರೆ.

ಸೈಮಿಯ ಹತ್ತಿರ ಓಲೆ ಬರೆಸುವುದೆಂದರೆ ಪೊಲೀಸ್ ವಿಚಾರಣೆಯ ಹಾಗೆ. “ಏನು ತಿಂತಿದ್ದ? ಯಾವುದಕ್ಕೆ ರೇಗ್ತಿದ್ದ? ಸಾಲ ಕೊಟ್ಟ ಗರಗಸ ವಾಪಸ್ ಕೇಳ್ತಿದ್ನೋ ಇಲ್ವೋ?” ಜನ ಮೊದಮೊದಲು ತಬ್ಬಿಬ್ಬಾಗುತ್ತಿದ್ದರು, ಆಮೇಲೆ ಅರ್ಧ ಗಂಟೆ ಕೂತು ಹೇಳುತ್ತಿದ್ದರು. ಅವಳು ಎಲ್ಲ ಕೇಳಿ ಎರಡೋ ಮೂರೋ ಸಾಲು ಬರೆಯುತ್ತಿದ್ದಳು. ಬಡಗಿ ಪಾವೋಗೆ ಬರೆದದ್ದು ನನಗಿನ್ನೂ ಬಾಯಿಪಾಠ: “ಪಾವೋ ಯಾರ ಮನೆಗೆ ಹೋದರೂ ಅಡುಗೆಮನೆಯ ಚಾಕುಗಳನ್ನು ಮಸೆದುಕೊಟ್ಟು ಬರುತ್ತಿದ್ದ. ಈ ಊರಿನ ಚಾಕುಗಳು ಇನ್ನು ಮೊಂಡಾಗುತ್ತವೆ.” ಅದನ್ನು ಓದಿದಾಗ ಪಾವೋನ ಮಗಳು ಎದ್ದು ಹೋಗಿ ಕೇಕಿನ ಚಾಕುವನ್ನು ಕೈಗೆತ್ತಿಕೊಂಡು ಸುಮ್ಮನೆ ನೋಡುತ್ತಾ ನಿಂತಳು. ನನ್ನ ಕಂಠಕ್ಕೂ ಆಗ ಒಂದು ಬೆಲೆ ಬಂದಿತ್ತು ಎಂದುಕೊಂಡಿದ್ದೇನೆ.

ಮಂಗಳವಾರ ಸೈಮಿ ಮೇಜಿಗೆ ಬರುತ್ತಿರಲಿಲ್ಲ. ಅಂದು ಅವಳು ಏಲಿಸ್‌ನ ಬಾಗಿಲು ತಟ್ಟುವ ದಿನ. ಏಲಿಸ್ ಮುಚ್ಚಿದ ಗರಗಸದ ಕಾರ್ಖಾನೆಯ ಹಿಂದೆ, ಸರೋವರದ ದಡದಲ್ಲಿ, ಕೊನೆಯ ಮನೆಯಲ್ಲಿದ್ದ ಮುದುಕ. ಪ್ರಾಯದಲ್ಲಿ ನದಿಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದವನು. ಹೆಂಡತಿ ಮಕ್ಕಳಿಲ್ಲ, ಅಣ್ಣತಮ್ಮಂದಿರೆಲ್ಲ ಮಣ್ಣಾಗಿದ್ದರು. ಸೈಮಿ ಹನ್ನೊಂದು ವರ್ಷ ಪ್ರತಿ ಮಂಗಳವಾರ ಹೋದಳು. ಮೊದಲ ಎರಡು ವರ್ಷ ಅವನು ಚಿಲಕ ತೆಗೆಯುತ್ತಿರಲಿಲ್ಲವಂತೆ, ಬಾಗಿಲಿನ ಆಚೆ ಈಚೆ ನಿಂತೇ ಹವಾಮಾನದ ಬಗ್ಗೆ ಮಾತಾಡುತ್ತಿದ್ದರಂತೆ. ನಮ್ಮ ಕಡೆಯವರ ಮಾತು ಹಾಗೆಯೇ, ನೇರ ದಾರಿಯಿದ್ದರೂ ಸರೋವರ ಸುತ್ತಿಕೊಂಡು ಬರುತ್ತದೆ.

ಅವನು ಒಂದು ದಿನ ಕಾಫಿ ಬಗ್ಗಿಸುತ್ತಾ ಕೇಳಿದನಂತೆ: “ನಾನು ಸತ್ರೆ ಆ ತೌನೋ ಏನು ಓದ್ತಾನೆ? ಕಾಫಿ ಪುಡಿ ಪೊಟ್ಟಣದ ಮೇಲಿರೋದನ್ನಾ?”

“ನಾನು ಬರೀತೀನಿ, ಅದನ್ನ ಓದ್ತಾನೆ.”

“ಹಂಗಾದ್ರೆ ಈಗ್ಲೇ ಬರಿ. ಆಮೇಲೆ ನೀನು ಸುಳ್ಳುಪಳ್ಳು ಸೇರಿಸಿದ್ರೆ ತಿದ್ದೋಕೆ ನಾನಿರಲ್ಲ.”

ಅವಳು ಅಲ್ಲೇ ಕೂತು ಬರೆದಳು. ಮೂರು ಪಕ್ಕೆಲುಬು ಮುರಿದುಕೊಂಡ ಎಂದು ಬರೆದಿದ್ದಳು, ಎರಡೇ ಮುರಿದದ್ದು ಎಂದು ಅವನು ತಕರಾರು ತೆಗೆದ. ಹೊಸ ಓಲೆಯಲ್ಲಿ ಮತ್ತೆ ಬರೆದಳು. ಅದನ್ನು ಲಕೋಟೆಗೆ ಹಾಕಿ, ಸಂಘದ ಪೆಟ್ಟಿಗೆಯಲ್ಲಿ ಉಳಿದ ಓಲೆಗಳ ಅಡಿಯಲ್ಲಿಟ್ಟಳು. ಅಲ್ಲಿಗಿಂತ ಭದ್ರವಾದ ಜಾಗ ಊರಲ್ಲಿ ಇನ್ನೊಂದಿಲ್ಲ ಎಂದು ನಂಬಿದ್ದಳು ಪಾಪ. “ಅವನು ನನ್ನನ್ನ ಇಷ್ಟು ವರ್ಷದಲ್ಲಿ ಕೇಳಿದ್ದು ಇದೊಂದೇ ತೌನೋ. ಇದು ಕೆಡಬಾರದು,” ಎಂದು ನನಗೆ ಹೇಳಿದ್ದಳು. ಸರಿ ಎಂದಿದ್ದೆ.

ಆಮೇಲೆ ಸಂಘಕ್ಕೆ ಬರುತ್ತಿದ್ದ ಸರ್ಕಾರದ ಅನುದಾನ ಅರ್ಧಕ್ಕರ್ಧ ಕಡಿತವಾಯಿತು.

ಆ ಅನುದಾನವೇನೂ ಚರ್ಚಿನ ಕಾಣಿಕೆ ಡಬ್ಬಿಯಿಂದ ಬಂದದ್ದಲ್ಲ. ಬಹುಕಾಲ ಅದು ಬರುತ್ತಿದ್ದದ್ದು ಸರ್ಕಾರವೇ ಅಂಗಡಿಗಳಲ್ಲಿ ಇಡಿಸಿದ್ದ ಜೂಜಿನ ಯಂತ್ರಗಳ ಲಾಭದಿಂದ. ಅಂಗಡಿಯ ಬಾಗಿಲಲ್ಲಿ ನಿಂತು ಮುದುಕಿಯರು ಉಳಿದ ಚಿಲ್ಲರೆಯನ್ನು ಯಂತ್ರಕ್ಕೆ ಸುರಿದು, “ಸುತ್ತಿ ಬಳಸಿ ನಮಗೇ ಬರುತ್ತಲ್ಲ,” ಎನ್ನುತ್ತಿದ್ದರು. ಸೈಮಿಯೂ ಹಾಕುತ್ತಿದ್ದಳು, ನಾನೂ ಹಾಕುತ್ತಿದ್ದೆ. ಹಾಗಾಗಿ ನಮ್ಮ ಕೈ ಶುದ್ಧವಾಗಿತ್ತು ಎಂದು ಹೇಳಲಾರೆ. ಆದರೆ ಕೊಳಕಿನಲ್ಲೂ ಮೆಟ್ಟಿಲುಗಳಿರುತ್ತವೆ.

ಆಡಳಿತ ಮಂಡಳಿಯಲ್ಲಿ ನಾವು ಐದು ಜನ. ಸಂಘ ಉಳಿಸಲು ಒಬ್ಬ ಕಾರ್ಯನಿರ್ವಾಹಕನನ್ನು ನೇಮಿಸಿಕೊಂಡೆವು, ಸಂಪ್ಸಾ ವೆಸಾಲಾ ಎಂದು. ನಲವತ್ತರ ಆಸುಪಾಸು, ನಗರದಿಂದ ಬಂದವನು, ಹಲ್ಲು ಚೆನ್ನಾಗಿದ್ದವು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ಬಗೆಯ ನೆಮ್ಮದಿಯಾದರೂ ಇರುತ್ತಿತ್ತು.

ಒಂದು ಗುರುವಾರ ಸೂಪು ಮುಗಿದ ಮೇಲೆ ಸಭೆ ಸೇರಿದೆವು. ಸಂಪ್ಸಾ ತನ್ನ ಅಜ್ಜಿಯ ಮನೆಯಿಂದ ಹಾಲು ಕರೆಯುವಾಗ ಕೂರುವ ಮಣೆಯೊಂದನ್ನು ತಂದು ಮೇಜಿನ ಮೇಲಿಟ್ಟಿದ್ದ.

“ಇದಕ್ಕೆ ಎಷ್ಟು ಕಾಲು?” ಎಂದು ಕೇಳಿದ.

“ಮೂರು. ನಿಮ್ಮ ಊರಲ್ಲಿ ಎಷ್ಟಿರುತ್ತೆ?” ಎಂದಳು ಔನೆ. ಅವಳು ನಿವೃತ್ತ ಅಂಚೆಯವಳು, ಮಂಡಳಿಯ ಸದಸ್ಯೆ. ದನಿ ಸೊಳ್ಳೆಯಷ್ಟು ಸಣ್ಣ, ನಾಲಿಗೆಯೂ ಸೊಳ್ಳೆಯದೇ.

“ನಿಮ್ಮ ಸಂಘ ಇಷ್ಟು ದಿನ ಒಂದೇ ಕಾಲಿನ ಮೇಲೆ ನಿಂತಿತ್ತು. ಸರ್ಕಾರ ಅದನ್ನ ಕತ್ತರಿಸ್ತು, ನೀವು ಬಿದ್ರಿ. ಇನ್ಮೇಲೆ ಆದಾಯಕ್ಕೆ ನಾಲ್ಕಾರು ಕಾಲು ಬೇಕು. ಕೋಣೆ ಬಾಡಿಗೆಗೆ ಕೊಡೋಣ. ತಿಂಗಳು ತಿಂಗಳು ಕೊಡೋ ದಾನಿಗಳನ್ನ ಹಿಡಿಯೋಣ. ಕಂಪನಿಗಳ ಜೊತೆ ಕೈ ಜೋಡಿಸೋಣ. ಒಂದು ಹೋದ್ರೆ ಇನ್ನೊಂದಿರುತ್ತೆ.”

ಇದರಲ್ಲಿ ಸುಳ್ಳೇನಿದೆ? ಏನೂ ಇಲ್ಲ. ನಾನೂ ತಲೆಯಾಡಿಸಿದೆ. ಸೈಮಿ ಮಂಡಳಿಯಲ್ಲಿರಲಿಲ್ಲ, ಕಾಫಿ ಬಗ್ಗಿಸಲು ನಿಂತಿದ್ದಳು. ಸಂಪ್ಸಾ ಅವಳ ಕಡೆ ತಿರುಗಿ ನಕ್ಕ.

“ನಮ್ಮ ಹತ್ರ ಇರೋ ಚಿನ್ನ ಅಂದ್ರೆ ಸೈಮಿಯ ಓಲೆಗಳು. ಅದಕ್ಕೊಂದು ಕಂಪನಿ ಸಿಕ್ಕಿದೆ. ಒಳಗಡೆ ಸಣ್ಣದಾಗಿ ಅವರ ಒಂದು ಚೀಟಿ ಇರುತ್ತೆ, ಅಷ್ಟೆ. ಅದಕ್ಕೆ ಅವರು ಇಡೀ ವರ್ಷದ ಕೋಣೆ ಬಾಡಿಗೆ ಕಟ್ತಾರೆ.”

“ಏನು ಮಾಡ್ತಾರೆ ಆ ಕಂಪನಿಯೋರು?” ಸೈಮಿ ಕೇಳಿದಳು.

“ಮನೆ ಖಾಲಿ ಮಾಡಿಕೊಡ್ತಾರೆ.”

“ಯಾರ ಮನೆ?”

ಸಂಪ್ಸಾ ತನ್ನ ಬಟ್ಟಲು ನೋಡಿಕೊಂಡ. “ಅಂದ್ರೆ... ತೀರಿಕೊಂಡೋರದ್ದು. ಮಕ್ಕಳು ದೂರ ಇರ್ತಾರಲ್ಲ. ಸಾಮಾನು ತೆಗೆದು, ಬೇಕಾದ್ರೆ ಮನೇನೂ ಅವರೇ ಕೊಂಡ್ಕೋತಾರೆ.”

ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಂದು ಕೇಳಿದ್ದೆ, ಅಂಥವರು ನಮ್ಮ ಸೂಪಿನ ಕೋಣೆಗೇ ಬಂದು ಬಾಡಿಗೆ ಕಟ್ಟುತ್ತೇವೆ ಎನ್ನುತ್ತಿದ್ದರು. ಕೋಣೆಯಲ್ಲಿ ಬಟಾಣಿ ಸೂಪಿನ ವಾಸನೆ ಇನ್ನೂ ಇತ್ತು.

ಸೈಮಿ ಕಾಫಿ ಕೆಟಲನ್ನು ಕೆಳಗಿಡದೆ ಹೇಳಿದಳು: “ದುಡ್ಡು ಬೇಕು, ಗೊತ್ತು. ಎರಡರಷ್ಟು ಬರೀತೀನಿ. ಭಾನುವಾರ ಬನ್ನು ಮಾಡಿ ಚರ್ಚಿನ ಮುಂದೆ ನಿಂತು ಮಾರ್ತೀನಿ. ಕೋಣೇನ ಯಾರಿಗೆ ಬೇಕಾದ್ರೂ ಬಾಡಿಗೆಗೆ ಕೊಡಿ, ಬೆಳಿಗ್ಗೆ ಕಸ ನಾನೇ ಗುಡಿಸ್ತೀನಿ. ಆದ್ರೆ ಆ ಓಲೆಯೊಳಗೆ ಯಾರನ್ನೂ ಬಿಟ್ಕೋಬೇಡಿ. ಅದು ಅಳೋರ ಕೈಗೆ ಹೋಗೋದು.”

“ಸೈಮಿ, ಬನ್ನು ಮಾರಿ ಬಾಡಿಗೆ ಕಟ್ಟೋಕಾಗಲ್ಲ,” ಎಂದ ಸಂಪ್ಸಾ, ಮೆತ್ತಗೆ. ಅದೂ ನಿಜವೇ.

ಒಪ್ಪುವವರು ಕೈ ಎತ್ತಿ ಎಂದರು. ಔನೆ ಎತ್ತಲಿಲ್ಲ. ಉಳಿದ ಮೂವರು ಎತ್ತಿದರು. ನಾನೂ ಎತ್ತಿದೆ. ಬೇಡ ಎಂದು ಹೇಳಬಹುದಿತ್ತು. ಆದರೆ ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲ, ಗುರುವಾರ ಆ ಕೋಣೆ ಇಲ್ಲದಿದ್ದರೆ ನಾನು ಎಲ್ಲಿ ಕೂರಲಿ ಎಂದು ಹೆದರಿದೆ. ಎತ್ತಿದ ಕೈಯನ್ನು ಸೈಮಿ ಒಂದು ಕ್ಷಣ ನೋಡಿದಳು, ಆಮೇಲೆ ಬಂದು ನನ್ನ ಬಟ್ಟಲು ತುಂಬಿದಳು.

ಚೀಟಿಗಳು ಬಂದವು. ಪೆಟ್ಟಿಗೆಯಲ್ಲಿ ಉಳಿದಿರುವ ಖಾಲಿ ಓಲೆಗಳನ್ನು ಬಿಸಾಡುವುದು ಬೇಡ, ಎಲ್ಲಕ್ಕೂ ಒಂದೊಂದು ಚೀಟಿ ಅಂಟಿಸೋಣ ಎಂದು ಸಂಪ್ಸಾ ಊರವರನ್ನು ಕರೆದ. ಕೂಲಿಯಿಲ್ಲದೆ ಕೂಡಿ ಮಾಡುವ ಕೆಲಸವೆಂದರೆ ನಮ್ಮ ಜನ ಸಾಲುಗಟ್ಟಿ ಬರುತ್ತಾರೆ, ಕಾಫಿಯೂ ಏಲಕ್ಕಿ ಬನ್ನೂ ಇದ್ದರೆ ಸಾಕು. ಏನು ಕೆಲಸ, ಯಾಕೆ ಎಂದು ಕೇಳುವುದು ಆಮೇಲೆ. ಅದು ಮಂಗಳವಾರ, ಸೈಮಿ ಏಲಿಸ್‌ನ ಮನೆಯಲ್ಲಿದ್ದಳು. ಒಂಬತ್ತು ಜನ ಮೇಜಿನ ಸುತ್ತ ಕೂತು ಅಂಟಿಸಿದೆವು. ನಾನು ಹಾಲಿನ ಲಾರಿ ಮಂಜಿನ ಮೇಲೆ ಜಾರಿ ಪಾದ್ರಿಯ ಬೇಲಿಗೆ ನುಗ್ಗಿದ ಹಳೆಯ ಕಥೆ ಹೇಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಪೆಟ್ಟಿಗೆಯ ತಳದಲ್ಲಿದ್ದದ್ದು ನನ್ನ ಪಾಲಿಗೆ ಬಂದಿತ್ತು. ತೆಗೆ, ಬಿಡಿಸು, ಅಂಟಿಸು, ಮಡಿಸು, ಇದ್ದ ಹಾಗೆಯೇ ಒಳಗಿಡು. ಕಣ್ಣು ಕೇಳುವವರ ಮುಖದ ಮೇಲಿತ್ತು. ಎಷ್ಟು ಓರಣದ ಜನ ನಾವು ಎಂದರೆ ಸಂಜೆ ನಾಲ್ಕಕ್ಕೆ ಒಂದೂ ಬಾಕಿ ಉಳಿದಿರಲಿಲ್ಲ, ಮೇಜೂ ಒರೆಸಿಯಾಗಿತ್ತು.

ಮರುದಿನ ಸೈಮಿ ಪೆಟ್ಟಿಗೆ ತೆರೆದಳು. ಒಂದು ಚೀಟಿಯನ್ನು ಉಗುರಿನಿಂದ ಕೀಳಲು ನೋಡಿದಳು, ಕಾಗದವೇ ಹರಿದು ಬಂತು. ತಳದಲ್ಲಿದ್ದ ಏಲಿಸ್‌ನ ಲಕೋಟೆ ಇದ್ದಲ್ಲೇ ಇತ್ತು. ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದಳು. ಬಿಡಿಸಿ ನೋಡಲಿಲ್ಲ. ಲಕೋಟೆಯೊಳಗಿನದನ್ನೂ ತೆಗೆದು ಅಂಟಿಸಿ ಮತ್ತೆ ಓರಣವಾಗಿ ಒಳಗಿಡುವಷ್ಟು ಕತ್ತೆಗಳು ಇರುತ್ತವೆ ಎಂದು ಅವಳಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಆ ಕತ್ತೆ ನಾನೇ ಆಗಿದ್ದರೂ.

ಅಂದಿನಿಂದ ಅವಳು ಓಲೆಯೊಳಗೆ ಬರೆಯುವುದನ್ನು ನಿಲ್ಲಿಸಿದಳು. ಬೇರೆ ಬಿಳಿಯ ಹಾಳೆಯಲ್ಲಿ ಬರೆದು ಒಳಗೆ ಇಡುತ್ತಿದ್ದಳು. ನಾನು ಹಾಳೆಯನ್ನು ಹೊರಗೆಳೆದು ಅದನ್ನಷ್ಟೇ ಓದುತ್ತಿದ್ದೆ, ರಟ್ಟಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಕಟ್ಟಳೆಯೂ ಉಳಿಯಿತು, ಹೇಸಿಗೆಯೂ ಮುಚ್ಚಿತು ಎಂದುಕೊಂಡೆವು. ಸಂಪ್ಸಾನಿಗೆ ಅದರಿಂದ ತೊಂದರೆಯಿರಲಿಲ್ಲ. ಚೀಟಿ ಮನೆ ತಲುಪಿದರೆ ಆಯಿತು, ಜನ ಆಮೇಲೆ ಬಿಡುವಾಗಿ ನೋಡುತ್ತಾರೆ ಎಂದ. ಹೌದು, ನೋಡುತ್ತಿದ್ದರು. ಗಂಡನನ್ನು ಮಣ್ಣು ಮಾಡಿ ಬಂದವಳು ಓಲೆಗಳನ್ನು ಮತ್ತೊಮ್ಮೆ ಓದೋಣವೆಂದು ಬಿಡಿಸಿದರೆ ಒಳಗೆ ರಿಯಾಯಿತಿ ದರ.

ಕೋಣೆ ಉಳಿಯಿತು. ಸೂಪು ಉಳಿಯಿತು. ನಾನು ಗುರುವಾರ ಗುರುವಾರ ಹೋಗಿ ಕುಡಿದೆ, ಅದೂ ಎರಡೆರಡು ಬಟ್ಟಲು.

ಮಾರ್ಚಿನಲ್ಲಿ, ಮಂಜು ಕರಗಿ ಚಾವಣಿಯಿಂದ ತೊಟ್ಟಿಕ್ಕುತ್ತಿದ್ದಾಗ, ಒಂದು ಮಂಗಳವಾರ ಏಲಿಸ್ ಕಾಫಿಗೆ ನೀರಿಟ್ಟು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಸೈಮಿ ಬಂದಾಗ ಬಾಗಿಲಿಗೆ ಚಿಲಕವಿರಲಿಲ್ಲ, ನೀರು ಬತ್ತಿ ಪಾತ್ರೆ ಸೀಯುತ್ತಿತ್ತು. ಅವಳು ಒಲೆ ಆರಿಸಿ, ಅವನ ಎದುರಿಗೆ ತನ್ನ ಕುರ್ಚಿಯಲ್ಲಿ ಒಂದು ಗಂಟೆ ಕೂತಿದ್ದು, ಆಮೇಲೆ ಫೋನು ಮಾಡಿದಳಂತೆ. ಅವಳ ಮಂಗಳವಾರದ ಭೇಟಿ ಎಂದೂ ಒಂದು ಗಂಟೆಯದು.

ಮಣ್ಣು ಮಾಡಿದ ಮೇಲೆ ಕಾಫಿ ನಮ್ಮ ಕೋಣೆಯಲ್ಲೇ. ಆರೇ ಜನ: ಸೈಮಿ, ನಾನು, ಔನೆ, ಪಾದ್ರಿ, ಏಲಿಸ್‌ನ ನೆರೆಯ ರೈತ ಅಹ್ತಿ, ಮತ್ತು ಸಂಪ್ಸಾ. ಸೈಮಿ ತಾನೇ ಬೇಯಿಸಿದ ಮೀನು ತುಂಬಿದ ರೈ ರೊಟ್ಟಿ ತಂದಿದ್ದಳು, ಏಲಿಸ್‌ಗೆ ಕೇಕು ಸೇರುತ್ತಿರಲಿಲ್ಲ. ಮೇಜಿನ ಮೇಲೆ ಮೇಣದ ಬತ್ತಿ, ದಿಮ್ಮಿಗಳ ಮೇಲೆ ನಿಂತ ಹುಡುಗ ಏಲಿಸ್‌ನ ಒಂದು ಫೋಟೊ, ಪಕ್ಕದಲ್ಲಿ ಲಕೋಟೆ. ಒಂದೇ ಒಂದು.

ಸಂಪ್ಸಾ ಹೂವು ತಂದಿದ್ದ. ಹೂವಿಟ್ಟು ಫೋನು ತೆಗೆದ. ಮೇಣದ ಬತ್ತಿಯದೊಂದು ಚಿತ್ರ ಹಿಡಿದ, ಆಮೇಲೆ ಸೈಮಿಯ ಮುಖಕ್ಕೆ ಹಿಡಿದ.

“ಸೈಮಿ, ಸ್ವಲ್ಪ ಕಿಟಕಿ ಕಡೆ ತಿರುಗು. ತಿಂಗಳ ದಾನಿಗಳಿಗೆ ಕಳಿಸೋ ಪತ್ರಿಕೆಗೆ. ಹನ್ನೊಂದು ವರ್ಷದ ಗೆಳೆತನ, ಅವರ ಮನಸ್ಸಿಗೆ ತಟ್ಟುತ್ತೆ ಇದು.”

ಸೈಮಿಯ ಕಣ್ಣು ತೇವವಾಗಿತ್ತು. ಅವಳು ತಿರುಗಲಿಲ್ಲ, ಅವನು ತಾನೇ ಬಗ್ಗಿ ಬಂದು ಹಿಡಿದುಕೊಂಡ. ನನಗೆ ಅವನ ಫೋನು ಕಿತ್ತು ಕಾಫಿ ಕೆಟಲಿಗೆ ಹಾಕಬೇಕೆನಿಸಿತು. ಹಾಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅಂದುಕೊಳ್ಳುತ್ತೇನೆ.

“ಓದು ತೌನೋ,” ಎಂದಳು ಸೈಮಿ.

ಎದ್ದು ನಿಂತೆ. ಲಕೋಟೆಯಿಂದ ಓಲೆ ತೆಗೆದು ಬಿಡಿಸಿದೆ. ಓದತೊಡಗಿದೆ.

“ಏಲಿಸ್ ನಲವತ್ತು ಬೇಸಿಗೆ ನೀರಿನ ಮೇಲೆ ನಡೆದ. ಎರಡು ಪಕ್ಕೆಲುಬು ಮುರಿದುಕೊಂಡ, ಮೂರಲ್ಲ. ಮಂಗಳವಾರ ಅವನ ಬಾಗಿಲಿಗೆ ಚಿಲಕವಿರುತ್ತಿರಲಿಲ್ಲ.”

ಅಷ್ಟೇ ಇದ್ದದ್ದು. ಅಹ್ತಿ ಮೂಗೊರೆಸಿಕೊಂಡ. ಸೈಮಿ ಫೋಟೊ ನೋಡುತ್ತಾ ತಲೆಯಾಡಿಸಿದಳು, ಕೊಟ್ಟ ಮಾತು ತೀರಿತು ಎನ್ನುವ ಹಾಗೆ. ನಾನು ಅಲ್ಲಿಗೇ ಮಡಿಸಿಟ್ಟು ಕೂರಬಹುದಿತ್ತು. ಆದರೆ ‘ಚಿಲಕವಿರುತ್ತಿರಲಿಲ್ಲ’ ಎಂಬುದರ ಕೆಳಗೆ, ಬೆರಳಗಲದ ಅಂತರದಲ್ಲಿ, ಹಸಿರು ಚೀಟಿಯಿತ್ತು. ಸ್ವಲ್ಪ ಸೊಟ್ಟಗೆ ಅಂಟಿತ್ತು. ಪೆಟ್ಟಿಗೆಯ ತಳ, ಲಕೋಟೆ, ಪಾದ್ರಿಯ ಬೇಲಿ, ಎಲ್ಲರ ನಗು, ಎಲ್ಲವೂ ಒಟ್ಟಿಗೆ ನೆನಪಾಯಿತು. ನನ್ನ ಮೇಲೆಯೇ ಬಂದ ಅಸಹ್ಯ ನನ್ನೊಳಗೆ ನಿಲ್ಲಲಾರದೆ ಸಂಪ್ಸಾನ ಕಡೆ ಹರಿಯಿತು. ಅವನು ಇನ್ನೂ ಫೋನಿನಲ್ಲಿ ಚಿತ್ರ ನೋಡಿಕೊಳ್ಳುತ್ತಿದ್ದ. ಕೇಳು ಮಗನೇ ಎಂದುಕೊಂಡೆ. ಒಂದಕ್ಷರ ಬಿಡಬಾರದು ಎಂಬ ಕಟ್ಟಳೆ ಇದೆಯಲ್ಲ.

ಅದೇ ದನಿಯಲ್ಲಿ, ಅದೇ ನಿಲುವಿನಲ್ಲಿ, ಮುಂದುವರಿಸಿದೆ. “ಮನೆ ಖಾಲಿ ಮಾಡಬೇಕೇ? ನೋವಿನ ಹೊತ್ತಿನಲ್ಲಿ ನಾವು ನಿಮ್ಮ ಜೊತೆಗಿದ್ದೇವೆ. ಅಟ್ಟದಿಂದ ನೆಲಮಾಳಿಗೆಯವರೆಗೆ ಒಂದೇ ದಿನದಲ್ಲಿ. ಈ ಓಲೆ ತೋರಿಸಿದವರಿಗೆ ಶೇಕಡಾ ಹತ್ತು ರಿಯಾಯಿತಿ.” ಆಮೇಲೆ ಫೋನ್ ನಂಬರನ್ನೂ ಓದಿದೆ, ಒಂದೊಂದೇ ಅಂಕಿ, ಬಿಡಿಬಿಡಿಯಾಗಿ.

ಔನೆಯ ಚಮಚ ತಟ್ಟೆಗೆ ತಾಗಿ ಸದ್ದಾಯಿತು. ಪಾದ್ರಿ ಬಟ್ಟಲೊಳಗೆ ಇಣುಕುತ್ತಾ ಕೂತ. ಸಂಪ್ಸಾನ ಕಿವಿ ಕೆಂಪಾಯಿತು, ಅದನ್ನು ನೋಡಿ ನನಗೆ ಒಂದು ಕ್ಷಣ ತೃಪ್ತಿಯಾಯಿತು. ಆ ಕ್ಷಣವನ್ನು ನೆನೆದರೆ ಈಗ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಆಗ ಅಹ್ತಿ ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದ. ಅವನ ತಾಯಿ ಸತ್ತು ವರ್ಷವಾಗಿತ್ತು, ಅವಳ ಮನೆ ಹಾಗೆಯೇ ಬಿದ್ದಿತ್ತು. “ಕೊನೇ ಎರಡು ಅಂಕಿ ಇನ್ನೊಂದ್ಸಲ ಹೇಳಪ್ಪ ತೌನೋ,” ಎಂದ. “ಹತ್ತು ಪರ್ಸೆಂಟು ಅಂದ್ಯಲ್ಲ?”

ಸೈಮಿ ಎದ್ದು ಬಂದು ನನ್ನ ಕೈಯಿಂದ ಓಲೆಯನ್ನು ತೆಗೆದುಕೊಂಡಳು. ಚೀಟಿಯ ಮೇಲೆ ಹೆಬ್ಬೆರಳಾಡಿಸಿ ಓಲೆ ಮಡಿಸಿದಳು. ಆಮೇಲೆ ಏಲಿಸ್‌ನ ಫೋಟೊ ಎತ್ತಿಕೊಂಡಳು, ಬತ್ತಿ ಆರಿಸಿದಳು, ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದಳು. ಸಂಪ್ಸಾನಿಗೂ ಬಗ್ಗಿಸಿದಳು.

ಬಟ್ಟಲು ತೊಳೆಯುವಾಗ ನಾನು ಒರೆಸಲು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ.

“ಅಂಟಿಸಿದ್ದು ನಾನೇ ಇರ್ಬೇಕು ಸೈಮಿ,” ಎಂದೆ.

“ಗೊತ್ತು. ಸೊಟ್ಟಗಿತ್ತಲ್ಲ.”

“ಅವತ್ತು ಕೈ ಎತ್ತಿದ್ದೂ...”

“ಅದೂ ನೋಡಿದೀನಿ. ಹೆದರಿ ಎತ್ದೆ. ಎಲ್ರೂ ಹೆದರ್ತಾರೆ. ಅಂಟಿಸಿದ್ದು ಮೈಮರೆತು. ಅವೆರಡನ್ನೂ ನುಂಗ್ಕೋತೀನಿ ನಾನು.” ಬಟ್ಟಲೊಂದನ್ನು ಬೆಳಕಿಗೆ ಹಿಡಿದು ನೋಡಿ ನನಗೆ ಕೊಟ್ಟಳು. “ಆದ್ರೆ ಆ ಚೀಟೀನ ಗೊತ್ತಿದ್ದೂ ಓದಿದೆ. ನಿನಗೆ ಆ ಹುಡುಗನ ಮೇಲೆ ಸಿಟ್ಟಿತ್ತು. ತೀರಿಸ್ಕೊಳ್ಳೋಕೆ ಏಲಿಸ್‌ನ ಸಾವೇ ಬೇಕಾಯ್ತಾ? ಆ ಕಂಪನಿಯೋರು ಅವನ ಓಲೇನ ಅವರ ಕೆಲಸಕ್ಕೆ ಬಳಸ್ಕೊಂಡ್ರು, ನೀನು ನಿನ್ನ ಕೆಲಸಕ್ಕೆ. ಏನಪ್ಪಾ ವ್ಯತ್ಯಾಸ?”

ನನ್ನ ಬಳಿ ಕಟ್ಟಳೆಯ ಮಾತಿತ್ತು. ಅದನ್ನು ಎತ್ತದೆ ಬಟ್ಟಲು ಒರೆಸಿ ಕಪಾಟಿನಲ್ಲಿಟ್ಟೆ.

ಮುಂದಿನ ಸಭೆಯಲ್ಲಿ ಸಂಪ್ಸಾ ಸಂತೋಷದ ಸುದ್ದಿ ತಂದ. ನಮ್ಮ ಊರಿನಿಂದ ಕೆಲಸ ಸಿಗುತ್ತಿದೆ ಎಂದು ಕಂಪನಿಯವರು ಇನ್ನೂ ಎರಡು ವರ್ಷಕ್ಕೆ ಒಪ್ಪಿದ್ದರು. ಓದುವಾಗ ಅವರ ಹೆಸರನ್ನೂ ಹೇಳುವುದು ಒಳ್ಳೆಯದೇನೋ, ಮರ್ಯಾದೆಯ ಮಾತುಗಳಲ್ಲಿ, ಎಂದು ಅವರೇ ಸೂಚಿಸಿದ್ದರು. ಅಹ್ತಿ ಅವರಿಗೆ ನನ್ನ ಓದನ್ನು ಹೊಗಳಿ ಹೇಳಿದ್ದನಂತೆ. ಈ ಸಲ ನನ್ನ ಕೈ ಮೇಜಿನ ಕೆಳಗೇ ಇತ್ತು, ಆದರೆ ಆಗ ಯಾರೂ ಕೈ ಎತ್ತಲು ಕೇಳಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು.

ಸೈಮಿ ಮಸಿ ಲೇಖನಿ ಎತ್ತಿಕೊಂಡು ಹೋದಳು. ಓಲೆಗಳಲ್ಲಿ ಈಗ ಮತ್ತೆ ಬೆಳಕಿನ ಕಡೆಗೆ ನಡೆದ ಪಯಣಿಗನೇ ಇದ್ದಾನೆ, ಕೆಳಗೆ ಹಸಿರು ಚೀಟಿಯೂ ಇದೆ. ಮಂಗಳವಾರ ಅವಳು ಬೇರೊಬ್ಬಳ ಬಾಗಿಲು ತಟ್ಟುತ್ತಾಳೆ, ಗರಗಸದ ಕಾರ್ಖಾನೆಯ ಈಚೆಯ ರಸ್ತೆಯಲ್ಲಿ. ಸಂಘದ ಪಟ್ಟಿಯಲ್ಲಿ ಅದನ್ನು ಬರೆಸಿಲ್ಲ. ದಾರಿಯಲ್ಲಿ ಸಿಕ್ಕರೆ ನನ್ನ ಜೊತೆ ಹವಾಮಾನ ಮಾತಾಡುತ್ತಾಳೆ, ನಗುತ್ತಾಳೆ, ಮುನಿಸೇನೂ ಇಲ್ಲ.

ತನ್ನ ಓಲೆಯನ್ನೂ ಅವಳು ಬರೆದಿಟ್ಟಿದ್ದಾಳೆ. ಮೊನ್ನೆ ಅಂಗಡಿಯ ಮುಂದೆ ಅದನ್ನು ಹೇಳಿದಾಗ ನಾನು ಯೋಚಿಸದೆ ಗಂಟಲು ಸರಿಮಾಡಿಕೊಂಡೆ.

“ಔನೆ ಓದ್ತಾಳೆ,” ಎಂದಳು ಸೈಮಿ.

“ಔನೆ ದನಿ ಪಕ್ಕದೋರಿಗೂ ಕೇಳಲ್ವಲ್ಲೇ.”

“ಕೇಳದಿದ್ರೆ ಬೇಡ,” ಎಂದು ಚೀಲ ಎತ್ತಿಕೊಂಡಳು.